ಅಟ್ಟದ ಹೊಗೆಯಿಂದ ಬ್ರೆಡ್ಡಿನ ನಡುವಿಗೆ: ಮಾಂಸ ಕಾಪಿಟ್ಟ ಕೊಡಗಿನ ಮನೆಗಳ ಚರಿತ್ರೆ

ಚರಿತ್ರೆಯೆಂದರೆ ಅರಮನೆ, ಕೋಟೆ, ಯುದ್ಧ, ಒಪ್ಪಂದಗಳ ಕಥೆ ಎಂದೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಒಂದು ನಾಡಿನ ಜನ ಹೇಗೆ ಬದುಕಿದರು ಎಂಬುದನ್ನು ತಿಳಿಯಬೇಕಾದರೆ ಅವರ ಅಡುಗೆಮನೆಯೊಳಗೂ ಒಮ್ಮೆ ಇಣುಕಿ ನೋಡಬೇಕು. ಏನನ್ನು ಬೆಳೆದರು, ಏನನ್ನು ಕೊಂಡರು, ಏನನ್ನು ಕೂಡಿಟ್ಟರು, ಯಾರಿಗೆ ಹಂಚಿದರು ಎಂಬ ವಿವರಗಳು ಯಾವ ಶಿಲಾಶಾಸನದಲ್ಲೂ ಸಿಗುವುದಿಲ್ಲ. ಅವು ಒಲೆಯ ಮೇಲಿನ ಅಟ್ಟದಲ್ಲಿ, ಉಪ್ಪಿನ ಮರಿಗೆಯಲ್ಲಿ, ಮನೆಯ ಹಿರಿಯ ಹೆಂಗಸರ ಕೈಯಳತೆಯಲ್ಲಿ ಅಡಗಿವೆ.

ಇಂದು ನಮ್ಮ ಮಕ್ಕಳು ಬೇಕರಿಯಲ್ಲಿ ಸ್ಯಾಂಡ್‌ವಿಚ್ ಕೇಳುತ್ತಾರೆ. ಎರಡು ಬ್ರೆಡ್ ತುಂಡುಗಳ ನಡುವೆ ತೆಳುವಾಗಿ ಕೊಯ್ದ ಗುಲಾಬಿ ಬಣ್ಣದ ಮಾಂಸವೊಂದಿರುತ್ತದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಅಂಗಡಿಗಳ ಶೀತಲ ಪೆಟ್ಟಿಗೆಗಳಲ್ಲಿ ಅದೇ ಮಾಂಸ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಾರಾಟವಾಗುತ್ತದೆ. ಇದು ಹೊಸ ಕಾಲದ, ಹೊರನಾಡಿನ ತಿಂಡಿ ಎಂದು ನಾವು ತಿಳಿದಿದ್ದೇವೆ. ನಿಜ ಹೇಳಬೇಕೆಂದರೆ ಮಾಂಸಕ್ಕೆ ಉಪ್ಪು, ಮಸಾಲೆ ಸವರಿ ಕಾಪಿಟ್ಟು ಬೇಕಾದಾಗ ಕೊಯ್ದು ತಿನ್ನುವ ವಿದ್ಯೆ ಕೊಡಗಿಗೆ ಹೊಸದಲ್ಲ. ಅದು ಎಲ್ಲಿಂದ ಬಂತು, ಯಾಕೆ ಬಂತು, ಈಗ ಅದರಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮಳೆ ಕಲಿಸಿದ ಪಾಠ

ಕೊಡಗಿನ ಎಲ್ಲ ಕಥೆಗಳೂ ಮಳೆಯಿಂದಲೇ ಆರಂಭವಾಗುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಇದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ರಸ್ತೆ, ಸೇತುವೆ, ವಾಹನಗಳಿಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಊರಿಗೆ ಊರೇ ದ್ವೀಪವಾಗುತ್ತಿತ್ತು. ಸಂತೆಗೆ ಹೋಗುವಂತಿಲ್ಲ, ಸಂತೆಯಿಂದ ಯಾರೂ ಬರುವಂತಿಲ್ಲ. ಆಗ ಮನೆಯಲ್ಲಿ ಏನಿದೆಯೋ ಅದೇ ಊಟ. ಅಕ್ಕಿ ಪತ್ತಾಯದಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ, ಒಣಮೀನು ಬುಟ್ಟಿಯಲ್ಲಿ, ಒಣಮಾಂಸ ಅಟ್ಟದಲ್ಲಿ. ಕಕ್ಕಡ ತಿಂಗಳಿನ ಜಡಿಮಳೆಯಲ್ಲಿ ಕಣಿಲೆ, ಅಣಬೆ, ಏಡಿಗಳು ತೋಟ-ಗದ್ದೆಗಳಿಂದ ಸಿಗುತ್ತಿದ್ದವು. ಉಳಿದದ್ದಕ್ಕೆ ಬೇಸಿಗೆಯಲ್ಲೇ ಸಿದ್ಧತೆ ಮಾಡಿಕೊಳ್ಳಬೇಕಾಗಿತ್ತು. ಗಾಳಿ ಬಂದಾಗ ತೂರಿಕೊ ಎಂಬಂತೆ ಬಿಸಿಲು ಬಂದಾಗ ಒಣಗಿಸಿಕೊ ಎಂಬುದು ಇಲ್ಲಿನ ಗೃಹಿಣಿಯ ನೀತಿ.

ಮಾಂಸವನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪು, ಅರಿಸಿನ, ಕೆಲವೆಡೆ ಕರಿಮೆಣಸಿನ ಪುಡಿ ಸವರಿ, ಬಿಸಿಲಿಗೆ ಹಾಕಿ, ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ತೂಗಿಬಿಡುವುದು ಹಳೆಯ ಕ್ರಮ. ಕೊಡವರ ಮನೆಗಳಲ್ಲೂ, ಮಾಪಿಳ್ಳೆಯರ ಮನೆಗಳಲ್ಲೂ, ಪೇಟೆಗಳಲ್ಲಿ ನೆಲೆಸಿದ ದಖ್ಖನಿ ಮಾತಾಡುವ ಮುಸ್ಲಿಮರ ಮನೆಗಳಲ್ಲೂ ಈ ವಿದ್ಯೆ ಬೇರೆ ಬೇರೆ ಹೆಸರಿನಲ್ಲಿ ಇತ್ತು. ಯಾವ ಪ್ರಾಣಿಯ ಮಾಂಸ, ಅದನ್ನು ಹೇಗೆ ಕೊಯ್ದದ್ದು ಎಂಬುದರಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸವಿತ್ತು. ಆದರೆ ಉಪ್ಪು, ಬಿಸಿಲು, ಹೊಗೆ ಈ ಮೂರೂ ಎಲ್ಲರಿಗೂ ಒಂದೇ. ಮಲಬಾರಿನ ಕಡೆಯವರು ಹೇಳುವ ‘ಉಣಕ್ಕ ಇರಚ್ಚಿ’, ದಖ್ಖನಿಯ ‘ಸೂಖಾ ಗೋಶ್ತ್’, ನಮ್ಮ ಕನ್ನಡದ ‘ಒಣಮಾಂಸ’ ಎಲ್ಲದರ ಅರ್ಥವೂ ಒಂದೇ.

ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಕೊಬ್ಬಿಲ್ಲದ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಮಾಂಸವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಆ ನೀರು. ಉಪ್ಪು ಆ ನೀರನ್ನು ಹೊರಗೆಳೆಯುತ್ತದೆ, ಉಳಿದ ನೀರನ್ನು ಜೀವಿಗಳ ಬಳಕೆಗೆ ಸಿಗದಂತೆ ಹಿಡಿದಿಡುತ್ತದೆ. ಬಿಸಿಲು, ಗಾಳಿ ಅದನ್ನು ಆರಿಸುತ್ತವೆ. ಹೊಗೆಯಲ್ಲಿರುವ ಕೆಲವು ಆಮ್ಲಗಳು ಮತ್ತು ಫೀನಾಲ್‌ಗಳು ಮೇಲ್ಮೈಯಲ್ಲಿ ಕುಳಿತು ಬೂಷ್ಟು ಹಿಡಿಯದಂತೆ, ಕೊಬ್ಬು ಕಮಟದಂತೆ ತಡೆಯುತ್ತವೆ. ಕೊಡಗಿನ ಮಳೆಗಾಲದ ತೇವದಲ್ಲಿ ಬರೀ ಬಿಸಿಲನ್ನು ನಂಬುವಂತಿರಲಿಲ್ಲ. ದಿನವಿಡೀ ಉರಿಯುವ ಒಲೆಯ ಶಾಖವೇ ಇಲ್ಲಿನ ಎರಡನೆಯ ಸೂರ್ಯ. ಅಟ್ಟ ಮಸಿ ಹಿಡಿದು ಕಪ್ಪಾಗಿದ್ದರೆ ಅದು ಹೊಲಸಲ್ಲ, ಮನೆಯ ಉಗ್ರಾಣ ಎಂದೇ ತಿಳಿಯಬೇಕು.

ಉಪ್ಪು ಮಾತ್ರ ಕೊಡಗಿನಲ್ಲಿ ಸಿಗುವ ವಸ್ತುವಲ್ಲ. ಅದು ಘಟ್ಟದ ಕೆಳಗಿನ ಕರಾವಳಿಯಿಂದ ಬರಬೇಕಿತ್ತು. ಕೊಡಗಿನ ಅಕ್ಕಿ ಹೇರೆತ್ತುಗಳ ಬೆನ್ನೇರಿ ಮಲಬಾರಿನ ಕಡೆ ಇಳಿಯುತ್ತಿತ್ತು. ಮರಳಿ ಬರುವಾಗ ಅದೇ ಎತ್ತುಗಳ ಮೇಲೆ ಉಪ್ಪು, ಒಣಮೀನು, ತೆಂಗಿನಕಾಯಿ ಬರುತ್ತಿದ್ದವು. ಈ ವ್ಯಾಪಾರದ ದಾರಿಯಲ್ಲಿ ಮಾಪಿಳ್ಳೆ ವರ್ತಕರ ಪಾತ್ರ ದೊಡ್ಡದು. ಹೀಗಾಗಿ ಕೊಡಗಿನ ಅಟ್ಟದಲ್ಲಿ ತೂಗುತ್ತಿದ್ದ ಒಂದೊಂದು ಮಾಂಸದ ಪಟ್ಟಿಯಲ್ಲೂ ಘಟ್ಟದ ಮೇಲಿನವರ ಮತ್ತು ಕೆಳಗಿನವರ ಸಂಬಂಧ ಬೆರೆತಿತ್ತು ಎನ್ನಬಹುದು.

ಅರೇಬಿಯದ ಖದೀದ್, ಅನಾತೋಲಿಯಾದ ಪಾಸ್ತರ್ಮಾ

ನಮ್ಮ ಮಳೆಯಿಂದ ಹುಟ್ಟಿದ ವಿದ್ಯೆಯೇ ಅರಬ್ ಮರುಭೂಮಿಯ ಸುಡುಬಿಸಿಲಿನಲ್ಲೂ ಹುಟ್ಟಿತು. ಅಲ್ಲಿ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿದ ಮಾಂಸಕ್ಕೆ ‘ಖದೀದ್’ ಎಂದು ಹೆಸರು. ಅದು ಶ್ರೀಮಂತರ ಔತಣದ ವಸ್ತುವಲ್ಲ, ಬಡವರ ಮನೆಯ ಆಹಾರ. ಇಬ್ನು ಮಾಜಃರ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಒಬ್ಬ ವ್ಯಕ್ತಿ ಪ್ರವಾದಿವರ್ಯರ(ಸ) ಮುಂದೆ ನಿಂತು ಭಯದಿಂದ ನಡುಗುತ್ತಾನೆ. ಪ್ರವಾದಿವರ್ಯರು(ಸ) ಅವನನ್ನು ಸಮಾಧಾನಪಡಿಸುತ್ತಾ, ತಾವು ಅರಸರಲ್ಲ, ಖದೀದ್ ತಿನ್ನುತ್ತಿದ್ದ ಒಬ್ಬ ಮಹಿಳೆಯ ಮಗ ಎಂಬರ್ಥದ ಮಾತನ್ನಾಡುತ್ತಾರೆ. ತಮ್ಮ ಸರಳತೆಯನ್ನು ತಿಳಿಸಲು ಅವರು ಆರಿಸಿಕೊಂಡದ್ದು ಈ ಒಣಮಾಂಸವನ್ನು. ಆ ಕಾಲದ ಅರಬರಿಗೆ ಖದೀದ್ ಎಂದರೆ ಎಂತಹ ಸಾಮಾನ್ಯ ಆಹಾರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಅಲ್ಲಿಂದ ಉತ್ತರಕ್ಕೆ, ಇಂದಿನ ತುರ್ಕಿಯಲ್ಲಿ, ಈ ವಿದ್ಯೆ ಇನ್ನೊಂದು ರೂಪ ಪಡೆಯಿತು. ಮಾಂಸದ ದೊಡ್ಡ ತುಂಡಿಗೆ ಉಪ್ಪು ಹಾಕಿ, ಭಾರ ಹೇರಿ ನೀರು ಹಿಂಡಿ, ಒಣಗಿಸಿ, ಅದರ ಮೇಲೆ ಮೆಂತ್ಯ, ಬೆಳ್ಳುಳ್ಳಿ, ಕೆಂಪು ಮೆಣಸಿನ ದಪ್ಪ ಲೇಪ ಹಚ್ಚುತ್ತಾರೆ. ಇದಕ್ಕೆ ‘ಪಾಸ್ತರ್ಮಾ’ ಎಂದು ಹೆಸರು. ತುರ್ಕಿ ಭಾಷೆಯಲ್ಲಿ ‘ಒತ್ತಿದ್ದು’ ಎಂದರ್ಥ. ಕೈಸೇರಿ ಎಂಬ ಊರು ಇದಕ್ಕೆ ಪ್ರಸಿದ್ಧ. 17ನೇ ಶತಮಾನದ ಉಸ್ಮಾನಿ ಪ್ರವಾಸಿ ಎವ್ಲಿಯಾ ಚೆಲೆಬಿ ಅಲ್ಲಿನ ಪಾಸ್ತರ್ಮಾವನ್ನು ಹೊಗಳಿ ಬರೆದಿದ್ದಾನೆ. ಅರಬರು ಇದನ್ನು ‘ಬಸ್ತುರ್ಮಾ’ ಎಂದರು. ರುಮೇನಿಯಾದಿಂದ 19ನೇ ಶತಮಾನದ ಕೊನೆಯಲ್ಲಿ ಅಮೆರಿಕಕ್ಕೆ ವಲಸೆ ಹೋದ ಯಹೂದಿಯರು ಇದೇ ಹೆಸರನ್ನು ‘ಪಾಸ್ಟ್ರಾಮಿ’ ಮಾಡಿ ನ್ಯೂಯಾರ್ಕಿನಲ್ಲಿ ಬ್ರೆಡ್ಡಿನ ನಡುವೆ ಇಟ್ಟು ಮಾರಿದರು. ಇಂದು ಜಗತ್ತು ಅಮೆರಿಕದ ಸ್ಯಾಂಡ್‌ವಿಚ್ ಎಂದು ತಿನ್ನುವ ಒಂದು ತಿಂಡಿಯ ಬೇರು ಹೀಗೆ ಅನಾತೋಲಿಯಾದ ಒಣಮಾಂಸದಲ್ಲಿದೆ.

ಕಾಫಿ ತೋಟ, ಬ್ರೆಡ್ಡು ಮತ್ತು ಸ್ಯಾಂಡ್‌ವಿಚ್

ಕೊಡಗಿನಲ್ಲಿ ಕಾಪಿಟ್ಟ ಮಾಂಸ ಬ್ರೆಡ್ಡನ್ನು ಸೇರಿದ್ದು ಕಾಫಿಯ ಕಾಲದಲ್ಲಿ. ರಾಜರ ಆಳ್ವಿಕೆಯಲ್ಲೇ ನಾಲ್ಕುನಾಡಿನ ಬಳಿ ನೆಲೆಸಿದ ಮಾಪಿಳ್ಳೆಯರು ಕೊಡಗಿಗೆ ಕಾಫಿ ಗಿಡ ತಂದರು ಎಂಬುದು ಇಲ್ಲಿನ ಹಳೆಯ ಗೆಝೆಟಿಯರುಗಳಲ್ಲಿ ಬರುವ ಮಾತು. ಆಗ ಅದು ಹಿತ್ತಲ ಬೆಳೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯ ಬಳಿ ತೋಟ ತೆರೆದ. ಮುಂದಿನ ದಶಕಗಳಲ್ಲಿ ಕಾಡು ಕಡಿದು ತೋಟಗಳೆದ್ದವು. ದೊರೆಗಳ ಬಂಗಲೆಗಳು ಬಂದವು. ಬಂಗಲೆಯ ಜೊತೆಗೆ ಬಟ್ಲರ್, ಅಡುಗೆಯವನು, ಬ್ರೆಡ್ಡು, ಬೆಣ್ಣೆ ಎಲ್ಲವೂ ಬಂದವು.

ಆ ದೊರೆಗಳ ನಾಡಿನಲ್ಲಿ ‘ಸ್ಯಾಂಡ್‌ವಿಚ್’ ಎಂಬ ಹೆಸರು ಹುಟ್ಟಿ ಆಗ ನೂರು ವರ್ಷವೂ ಆಗಿರಲಿಲ್ಲ. ನಾಲ್ಕನೆಯ ಅರ್ಲ್ ಆಫ್ ಸ್ಯಾಂಡ್‌ವಿಚ್ ಆಗಿದ್ದ ಜಾನ್ ಮಾಂಟೆಗ್ಯು ಎಂಬವನ ಹೆಸರಿನಿಂದ ಅದು ಬಂತು. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರಲ್ಲಿ ತನ್ನ ದಿನಚರಿಯಲ್ಲಿ ಈ ಪದವನ್ನು ಬಳಸಿದ್ದಾನೆ. ತಣ್ಣನೆಯ ಮಾಂಸದ ಚೂರುಗಳನ್ನು ಬ್ರೆಡ್ಡಿನ ನಡುವೆ ಇಟ್ಟು ಕೈಯಲ್ಲೇ ತಿನ್ನುವ ಈ ಊಟ ದಿನವಿಡೀ ತೋಟ ಸುತ್ತುವವರಿಗೆ ಅನುಕೂಲವಾಗಿತ್ತು.

ಆದರೆ ಮಂಜುಗಡ್ಡೆಯೂ ಇಲ್ಲದ ಗುಡ್ಡಗಾಡಿನಲ್ಲಿ ತಣ್ಣನೆಯ ಮಾಂಸ ಎಲ್ಲಿಂದ? ಬ್ರಿಟಿಷರು ಇಂಡಿಯಾದಲ್ಲೆಲ್ಲ ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದರು. ಒಂದು, ಡಬ್ಬದ ಮಾಂಸ. ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಆಹಾರವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಕುದಿಸಿ ಕಾಪಿಡುವ ವಿಧಾನವನ್ನು ಪ್ರಕಟಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರದ ಡಬ್ಬಕ್ಕೆ ಪೇಟೆಂಟ್ ಪಡೆದ. ಎರಡನೆಯ ದಾರಿ, ಮನೆಯಲ್ಲೇ ಉಪ್ಪು ಹಾಕಿದ ಮಾಂಸ. ದೊಡ್ಡ ತುಂಡಿಗೆ ಉಪ್ಪು, ಬೆಲ್ಲ ಅಥವಾ ಸಕ್ಕರೆ, ಪೆಟ್ಲುಪ್ಪು, ಕರಿಮೆಣಸು, ಲವಂಗ, ನಿಂಬೆರಸ ತಿಕ್ಕಿ, ಮುಳ್ಳಿನಿಂದ ಚುಚ್ಚಿ, ದಿನವೂ ಮಗುಚುತ್ತಾ ಹಲವು ದಿನ ಇಟ್ಟು, ಕೊನೆಗೆ ಬೇಯಿಸಿ, ಭಾರ ಹೇರಿ ಒತ್ತಿ, ತೆಳುವಾಗಿ ಕೊಯ್ಯುವುದು. ‘ಹಂಟರ್ ಬೀಫ್’ ಎಂಬ ಹೆಸರಿನಲ್ಲಿ ಇದು ಇಂದಿಗೂ ಕರಾಚಿ, ಲಾಹೋರಿನ ಬೇಕರಿಗಳ ಪ್ರಸಿದ್ಧ ತಿನಿಸು. ಇಂಗ್ಲಿಷ್ ಹೆಸರು, ನಮ್ಮ ಮಸಾಲೆ, ಕೆಲಸ ಮಾಡಿದ್ದು ಈ ನೆಲದ ಅಡುಗೆಯವರ ಕೈ. ಒಲೆಯ ಮೇಲಿನ ಒಣಮಾಂಸಕ್ಕೂ ಇದಕ್ಕೂ ಇರುವ ಅಂತರ ಒಂದೇ: ಅದು ತಿಂಗಳುಗಟ್ಟಲೆ ಇರಲೆಂದು ಮಾಡಿದ್ದು, ಇದು ಕೆಲವು ದಿನ ಇರಲೆಂದು ಮಾಡಿದ್ದು.

ಬ್ರೆಡ್ಡಿನ ಕಥೆಯೂ ನಮ್ಮ ಘಟ್ಟದ ತಪ್ಪಲಿನದ್ದೇ. ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬವರು 1880ರಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ಆರಂಭಿಸಿದರು. 1883ರಲ್ಲಿ ಅಂಜರಕಂಡಿಯ ತೋಟದ ದೊರೆ ಮರ್ಡೊಕ್ ಬ್ರೌನ್‌ಗಾಗಿ ಅವರು ಕ್ರಿಸ್‌ಮಸ್ ಕೇಕ್ ತಯಾರಿಸಿದ ಕಥೆ ಪ್ರಸಿದ್ಧ. ಕೊಡಗಿನ ಕಾಫಿ ಇಳಿಯುತ್ತಿದ್ದ ರೇವುಗಳಲ್ಲಿ ತಲಶ್ಶೇರಿಯೂ ಒಂದು. ಕಾಫಿ ಇಳಿದ ದಾರಿಯಲ್ಲೇ ಬೇಕರಿಯ ವಿದ್ಯೆ ಮೇಲೇರಿತು. ಮಲಬಾರಿನಿಂದ ಬಂದವರ ಬೇಕರಿಗಳು ಇಂದಿಗೂ ಕೊಡಗಿನ ಪೇಟೆಗಳಲ್ಲಿ ಕಾಣಸಿಗುತ್ತವೆ.

ಗುಲಾಬಿ ಬಣ್ಣದ ಗುಟ್ಟು

ಅಂಗಡಿಯ ಸ್ಯಾಂಡ್‌ವಿಚ್ ಮಾಂಸ ಬೆಂದ ಮೇಲೂ ಗುಲಾಬಿಯಾಗಿರುವುದೇಕೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಮನೆಯಲ್ಲಿ ಬೇಯಿಸಿದ ಮಾಂಸ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯದ್ದು ತಿರುಗುವುದಿಲ್ಲ. ಇದರ ಗುಟ್ಟು ಮೇಲೆ ಹೇಳಿದ ಪೆಟ್ಲುಪ್ಪಿನಲ್ಲಿದೆ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಮದ್ದುಗುಂಡಿಗೆ ಬಳಸುತ್ತಿದ್ದ ಅದೇ ವಸ್ತು. 17 ಮತ್ತು 18ನೇ ಶತಮಾನಗಳಲ್ಲಿ ಬಿಹಾರದ ಪೆಟ್ಲುಪ್ಪು ಯುರೋಪಿನ ಕಂಪೆನಿಗಳ ದೊಡ್ಡ ವ್ಯಾಪಾರವಾಗಿತ್ತು. ತೋಪಿಗೆ ಹೋದದ್ದೇ ಹೆಚ್ಚು. ಅದರ ಚಿಟಿಕೆ ಮಾಂಸದ ಮಡಕೆಗೂ ಬಿತ್ತು.

ಪೆಟ್ಲುಪ್ಪು ಮಾಂಸದೊಳಗಿನ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ ಬದಲಾಗುತ್ತದೆ, ಆ ನೈಟ್ರೈಟ್ ಮಾಂಸದ ಬಣ್ಣವನ್ನು ಕೆಂಪಾಗಿ ಹಿಡಿದಿಡುತ್ತದೆ ಎಂಬುದನ್ನು ವಿಜ್ಞಾನಿಗಳು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಕಂಡುಕೊಂಡರು. ಅದಕ್ಕೆ ಬಣ್ಣಕ್ಕಿಂತ ದೊಡ್ಡ ಕೆಲಸವೂ ಇದೆ. ಗಾಳಿಯಾಡದ ಮಾಂಸದೊಳಗೆ ಬೆಳೆಯುವ ಬೊಟುಲಿಸಂ ಎಂಬ ಮಾರಕ ವಿಷವನ್ನು ಅದು ತಡೆಯುತ್ತದೆ. ‘ಬೊಟುಲಿಸಂ’ ಎಂಬ ಹೆಸರೇ ಸಾಸೇಜ್ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ 1820ರ ದಶಕದಲ್ಲಿ ಸಾಸೇಜ್ ತಿಂದು ಸತ್ತವರ ಪ್ರಕರಣಗಳನ್ನು ಅಧ್ಯಯನ ಮಾಡಿದ. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಉಪ್ಪು ಹಾಕಿದ ಮಾಂಸ ತಿಂದವರು ಅಸ್ವಸ್ಥರಾಗಿ ಕೆಲವರು ಸತ್ತಾಗ ವಾನ್ ಎರ್ಮೆಂಗೆಮ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ.

ಹಾಗಾದರೆ ಪೆಟ್ಲುಪ್ಪು ಒಳ್ಳೆಯದೇ? ಇದಕ್ಕೆ ಎರಡು ಮುಖವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರಿನಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು 18 ಶೇಕಡಾ ಹೆಚ್ಚುತ್ತದೆ ಎಂದು ಅದು ಅಂದಾಜಿಸಿತು. ಉಪ್ಪು ಹಾಕಿ, ಹೊಗೆಗೆ ಹಿಡಿದು, ನೈಟ್ರೈಟ್ ಬೆರೆಸಿ ಮಾಡಿದ ಮಾಂಸಗಳೆಲ್ಲ ಈ ಸಾಲಿಗೆ ಸೇರುತ್ತವೆ. ಹಾಗಾಗಿ ನಮ್ಮ ಅಟ್ಟದ ಮಾಂಸವೂ ಇದಕ್ಕೆ ಹೊರತಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಹಿರಿಯರು ಅದನ್ನು ವರ್ಷದ ಕೆಲವು ದಿನ, ಬೇರೇನೂ ಸಿಗದಾಗ ತಿಂದರು. ನಾವು ಪೊಟ್ಟಣದ ಮಾಂಸವನ್ನು ವಾರದ ಎಲ್ಲ ದಿನವೂ ಮಕ್ಕಳ ಡಬ್ಬಿಗೆ ಹಾಕುತ್ತಿದ್ದೇವೆ. ಅಪಾಯವಿರುವುದು ಈ ವ್ಯತ್ಯಾಸದಲ್ಲಿ.

ಅಟ್ಟ ಖಾಲಿಯಾದ ಬಗೆ

ಕೊಡಗಿನ ಅಟ್ಟಗಳು ಯಾಕೆ ಖಾಲಿಯಾದವು? ಮೊದಲನೆಯ ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಕಾಡಿನ ಮಾಂಸ ಒಣಗಿಸುವ ಪದ್ಧತಿ ಅಲ್ಲಿಗೆ ಮುಗಿಯಿತು, ಮುಗಿಯಬೇಕಾದದ್ದೂ ಹೌದು. ಎರಡನೆಯದು ಫ್ರಿಜ್. ಗೋದ್ರೆಜ್ ಕಂಪೆನಿ 1958ರಲ್ಲಿ ಇಂಡಿಯಾದಲ್ಲಿ ತಯಾರಾದ ಮೊದಲ ಫ್ರಿಜ್ ಹೊರತಂದಿತು. ಮಧ್ಯಮ ವರ್ಗದ ಮನೆಗಳಿಗೆ ಅದು ತಲುಪಲು ಇನ್ನೂ ಹಲವು ದಶಕ ಹಿಡಿಯಿತು. ಮೂರನೆಯದು ಗ್ಯಾಸ್ ಒಲೆ. ಹೊಗೆಯಿಲ್ಲದ ಅಡುಗೆಮನೆ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ದೊಡ್ಡ ಉಪಕಾರ. ಆದರೆ ಹೊಗೆ ಹೋದ ಮೇಲೆ ಅಟ್ಟಕ್ಕೆ ಕೆಲಸವಿಲ್ಲ. ನಾಲ್ಕನೆಯದು ರಸ್ತೆ ಮತ್ತು ಅಂಗಡಿ. ಜಡಿಮಳೆಯಲ್ಲೂ ತಾಜಾ ಕೋಳಿ ಸಿಗುವಾಗ ಒಣಗಿಸುವವರು ಯಾರು?

ಇದರ ಜೊತೆಗೆ 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯನ್ನೂ ನೆನಪಿಡಬೇಕು. ಹಸು, ಕರು, ಎತ್ತು, ಹೋರಿಗಳ ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಯನ್ನು ಅದು ನಿಷೇಧಿಸಿತು. ಹಂಟರ್ ಬೀಫ್‌ನಂತಹ ಹಳೆಯ ಪಾಕವಿಧಾನಗಳನ್ನು ನಾವು ಚರಿತ್ರೆಯಾಗಿ ಓದಬೇಕು. ಮನೆಯಲ್ಲಿ ಮಾಡುವುದಾದರೆ ಕುರಿ, ಆಡು, ಕೋಳಿಯ ಮಾಂಸದಲ್ಲಿ ಮಾಡಬೇಕು.

ಮುಸ್ಲಿಮರಿಗೆ ಪೊಟ್ಟಣದ ಮಾಂಸದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಮಾಂಸ ಯಾವ ಪ್ರಾಣಿಯದ್ದು, ಹೇಗೆ ಕೊಯ್ದದ್ದು ಎಂಬುದಷ್ಟೇ ಅಲ್ಲ, ಅದನ್ನು ತುಂಬಿದ ಕರುಳಿನ ಚೀಲ ಯಾವುದು, ಅಂಟಿಗೆ ಹಾಕಿದ ಜೆಲಾಟಿನ್ ಯಾವುದು ಎಂಬುದೂ ಮುಖ್ಯ. ಸಾಸೇಜ್, ಸಲಾಮಿಗಳ ಹೊರಚೀಲವನ್ನು ಹಂದಿಯ ಕರುಳಿನಿಂದ ಮಾಡುವುದು ಜಗತ್ತಿನ ಹಲವೆಡೆ ರೂಢಿಯಲ್ಲಿದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ವಿದ್ಯಾವಂತ ಮಗಳೋ ಮಗನೋ ಇದ್ದರೆ ಮನೆಗೆ ಎಷ್ಟು ಉಪಕಾರ ಎಂಬುದು ಇಲ್ಲಿ ತಿಳಿಯುತ್ತದೆ.

ಮನೆಯಲ್ಲೇ ಮಾಡುವ ವಿಧಾನ

ಹೀಗಿರುವಾಗ ಪೊಟ್ಟಣದ ಬದಲಿಗೆ ಮನೆಯಲ್ಲೇ ಮಾಡಬಹುದಾದ ಒಂದು ಕ್ರಮವನ್ನು ಇಲ್ಲಿ ಕೊಡುತ್ತೇನೆ. ಇದರಲ್ಲಿ ಪೆಟ್ಲುಪ್ಪಿಲ್ಲ, ಹೊಗೆಯಿಲ್ಲ. ಆದ್ದರಿಂದ ಇದು ಹೆಚ್ಚು ದಿನ ಇಡುವ ವಸ್ತುವೂ ಅಲ್ಲ.

ಎಲುಬಿಲ್ಲದ ಕುರಿಯ ತೊಡೆ ಮಾಂಸ ಅಥವಾ ಕೋಳಿ ಮಾಂಸ 1 ಕಿಲೋ ತೆಗೆದುಕೊಂಡು ಖೀಮಾ ಮಾಡಿ ಚೆನ್ನಾಗಿ ತಣ್ಣಗಾಗಿಸಬೇಕು. ಅದಕ್ಕೆ 18ರಿಂದ 20 ಗ್ರಾಂ ಉಪ್ಪು ಹಾಕಿ, ಅರ್ಧ ಲೋಟ ಮಂಜಿನಂತೆ ತಣ್ಣಗಿರುವ ನೀರು ಸೇರಿಸಿ, ಕೈಗೆ ಅಂಟುವ ತನಕ ನಾದಬೇಕು. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ. ಸರಿಯಾಗಿ ನಾದದಿದ್ದರೆ ಕೊಯ್ಯುವಾಗ ಉದುರುತ್ತದೆ. ಆಮೇಲೆ ತರಿತರಿಯಾಗಿ ಕುಟ್ಟಿದ ಕೊಡಗಿನ ಕರಿಮೆಣಸು ಎರಡು ಚಮಚ, ಅರೆದ ಬೆಳ್ಳುಳ್ಳಿ 8-10 ಎಸಳು, ಕೊತ್ತಂಬರಿ ಪುಡಿ ಒಂದು ಚಮಚ, ಚಕ್ಕೆ-ಲವಂಗದ ಪುಡಿ ಅರ್ಧ ಚಮಚ ಬೆರೆಸಬೇಕು. ಕೊನೆಯಲ್ಲಿ ಕಾಚಂಪುಳಿ ಒಂದು ಸಣ್ಣ ಚಮಚ. ಮಲೆನಾಡಿನ ಇತರೆಡೆ ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಮಾಡುವ ಈ ಹುಳಿ ಕೊಡಗಿನ ಅಡುಗೆಯ ಹೆಮ್ಮೆ. ಯುರೋಪಿನವರು ವಿನೆಗರ್‌ನಿಂದ ಪಡೆದ ಹುಳಿರುಚಿಯನ್ನು ನಾವು ಇದರಿಂದ ಪಡೆಯುತ್ತೇವೆ.

ಈ ಮಿಶ್ರಣವನ್ನು ಎರಡು ಭಾಗ ಮಾಡಿ, ಬಾಡಿಸಿದ ಬಾಳೆ ಎಲೆಯಲ್ಲಿ ಸುಮಾರು ಮೂರು ಬೆರಳು ದಪ್ಪದ ಸುರುಳಿಯಾಗಿ ಬಿಗಿದು, ಮೇಲೆ ಶುಭ್ರವಾದ ಬಟ್ಟೆ ಸುತ್ತಿ ಎರಡೂ ತುದಿ ಕಟ್ಟಬೇಕು. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಕುದಿ ಬರುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದೆಯೇ ನೋಡಬೇಕು. ಇದು ಕೋಳಿಗೂ ಕುರಿಗೂ ಸಾಕಾದ ಬಿಸಿ. ಬೆಂದ ಸುರುಳಿಯನ್ನು ಹೊರಗೆ ಬಿಟ್ಟು ಆರಿಸದೆ ತಣ್ಣೀರಿನಲ್ಲಿ ಮುಳುಗಿಸಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಹರಿತವಾದ ಚೂರಿಯಿಂದ ತೆಳುವಾಗಿ ಕೊಯ್ಯಬಹುದು. ಬ್ರೆಡ್ಡಿನ ಜೊತೆಗೂ ಸರಿ, ಅಕ್ಕಿರೊಟ್ಟಿಯ ಜೊತೆಗೂ ಸರಿ. ಮೂರು ನಾಲ್ಕು ದಿನದೊಳಗೆ ತಿಂದು ಮುಗಿಸಬೇಕು. ಉಳಿಯುವುದಾದರೆ ಫ್ರೀಜರಿನಲ್ಲಿಡಬೇಕು.

ಬಣ್ಣ ಗುಲಾಬಿಯಾಗಿ ಬರಲಿಲ್ಲವೆಂದು ಬೇಸರ ಬೇಡ. ಬೆಂದ ಮಾಂಸದ ನಿಜವಾದ ಬಣ್ಣ ಅದೇ. ಮಸಾಲೆ ಹಾಕಿದ್ದೇವೆ, ಕೆಡುವುದಿಲ್ಲ ಎಂಬ ಭ್ರಮೆಯೂ ಬೇಡ. ಮೆಣಸು, ಬೆಳ್ಳುಳ್ಳಿ ರುಚಿ ಕೊಡುತ್ತವೆ. ಕಾಪಾಡುವ ಕೆಲಸ ಇಲ್ಲಿ ಬೆಂಕಿಯದ್ದು ಮತ್ತು ಚಳಿಯದ್ದು. ಪೆಟ್ಲುಪ್ಪನ್ನು ಅಂದಾಜಿನಲ್ಲಿ ಹಾಕುವ ಸಾಹಸವನ್ನು ಮನೆಯಲ್ಲಿ ಯಾರೂ ಮಾಡಬಾರದು. ಅಳತೆ ತಪ್ಪಿದರೆ ಅದು ವಿಷ.

ಕೂಡಿಡುವುದು ಯಾರಿಗಾಗಿ?

ಮಾಂಸ ಕಾಪಿಡುವ ಚರಿತ್ರೆಯಲ್ಲಿ ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಮುಖ್ಯವಾಗಿ, ಹೇಳಬೇಕಾದ ವಿಷಯವೊಂದಿದೆ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ಖುರ್ಬಾನಿಯ ಮಾಂಸದ ಬಗ್ಗೆ ಒಂದು ಪ್ರಸಂಗ ದಾಖಲಾಗಿದೆ. ಒಂದು ವರ್ಷ ಜನ ಕಷ್ಟದಲ್ಲಿದ್ದರು. ಹಸಿದ ಬಡವರು ಮದೀನಾದ ಕಡೆ ಬಂದಿದ್ದರು. ಆಗ ಪ್ರವಾದಿವರ್ಯರು(ಸ) ಖುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ತಡೆದರು. ಮರುವರ್ಷ ಕಷ್ಟ ನೀಗಿದಾಗ ತಿನ್ನಿ, ಇತರರಿಗೂ ಉಣಿಸಿ, ಕೂಡಿಯೂ ಇಡಿ ಎಂದು ಅನುಮತಿ ಕೊಟ್ಟರು. ಕಾಪಿಡುವುದು ತಪ್ಪಲ್ಲ. ನೆರೆಯವರು ಹಸಿದಿರುವಾಗ ಕಾಪಿಡುವುದು ತಪ್ಪು. ಒಂದೇ ಪ್ರಸಂಗದಲ್ಲಿ ಎರಡೂ ಪಾಠಗಳಿವೆ.

ಕೊಡಗಿನವರಾದ ನಮಗೆ ಇದು ಬರೀ ಪುಸ್ತಕದ ಮಾತಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಕುಸಿದವು. ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು. ಆ ವರ್ಷದ ಬಕ್ರೀದ್ ಬಂದದ್ದು ಆಗಸ್ಟ್ 22ರಂದು, ದುರಂತವಾದ ಒಂದು ವಾರದೊಳಗೆ. ಮರುವರ್ಷ 2019ರ ಆಗಸ್ಟ್ ಎರಡನೆಯ ವಾರದಲ್ಲಿ ವಿರಾಜಪೇಟೆ ಬಳಿಯ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ದಡದ ಮನೆಗಳು ನೀರು ಪಾಲಾದವು. ಬಕ್ರೀದ್ ಬಂದದ್ದು ಆಗಸ್ಟ್ 12ರಂದು. ಎರಡು ವರ್ಷವೂ ಹಬ್ಬದ ಹೊತ್ತಿಗೆ ನಮ್ಮ ಜಿಲ್ಲೆಯಲ್ಲೇ ಒಲೆ ಹಚ್ಚಲು ಮನೆಯಿಲ್ಲದ ಜನರಿದ್ದರು.

ಆ ಮಳೆಯಲ್ಲಿ ಹಲವು ಊರುಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ವಿದ್ಯುತ್ ಹೋದ ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಮಾತ್ರ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ ಎರಡು ದಿನ ತಡೆಯಬಹುದು. ಅದರಾಚೆಗೆ ಅದು ಬರೀ ಕಬ್ಬಿಣದ ಪೆಟ್ಟಿಗೆ. ಹಿರಿಯರ ಅಟ್ಟಕ್ಕೆ ವಿದ್ಯುತ್ ಬೇಕಿರಲಿಲ್ಲ ನಿಜ. ಆದರೆ ಗುಡ್ಡವೇ ಕುಸಿದಾಗ ಅಟ್ಟವೂ ಉಳಿಯುವುದಿಲ್ಲ. ಆಗ ಉಳಿಯುವುದು ನೆರೆಮನೆಯವರ ಅನ್ನ ಮಾತ್ರ. ಹಂಚಿದ ಮಾಂಸ ಎಂದೂ ಕೆಡುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಜ್ಜಿಯರು, ಉಮ್ಮಾಮರು, ದಾದಿಮಾಗಳು ಇನ್ನೂ ಇದ್ದರೆ ಅವರ ಬಳಿ ಕುಳಿತು ಕೇಳಿರಿ. ಮಾಂಸವನ್ನು ಎಷ್ಟು ಉದ್ದ ಕೊಯ್ಯುತ್ತಿದ್ದರು, ಎಷ್ಟು ಉಪ್ಪು ಹಾಕುತ್ತಿದ್ದರು, ಯಾವ ತಿಂಗಳಲ್ಲಿ ಒಣಗಿಸುತ್ತಿದ್ದರು, ಯಾವ ಕಟ್ಟಿಗೆಯ ಹೊಗೆ ಒಳ್ಳೆಯದೆನ್ನುತ್ತಿದ್ದರು, ಮಳೆಗಾಲದಲ್ಲಿ ಯಾರಿಗೆ ಕೊಡುತ್ತಿದ್ದರು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ. ಊರು, ಮನೆಮಾತು, ವರ್ಷ ಎಲ್ಲವನ್ನೂ ನಮೂದಿಸಿರಿ. ಕೊಡಗಿನ ಮುಸ್ಲಿಮರ ಚರಿತ್ರೆಯನ್ನು ಬರೆಯುವವರಿಗೆ ಅರಸರ ಸನ್ನದುಗಳಷ್ಟೇ ಬೆಲೆಬಾಳುವ ದಾಖಲೆ ಅದು. ಫ್ರಿಜ್ಜಿಗೆ ಮಾಂಸ ಸೇರಿಸುವ ಮೊದಲು ಈ ಮಳೆಯಲ್ಲಿ ಯಾರ ಮನೆಯ ಒಲೆ ಆರಿದೆ ಎಂದು ಒಮ್ಮೆ ಹೊರಗೆ ನೋಡುವ ಅಭ್ಯಾಸವನ್ನೂ ಅವರಿಂದಲೇ ಕಲಿಯಿರಿ.